ಹಿಟ್ಟಿನ ಹುಂಜದ ಲೆಕ್ಕ

2022ರ ಜುಲೈ 5ರ ಮಧ್ಯಾಹ್ನ ಹುಬ್ಬಳ್ಳಿಯ ಉಣಕಲ್ಲಿನ ಒಂದು ಹೋಟೆಲಿನಲ್ಲಿ ‘ಸರಳ ವಾಸ್ತು’ವಿನ ಚಂದ್ರಶೇಖರ ಗುರೂಜಿಯವರ ಕೊಲೆಯಾಯಿತು. ಭೇಟಿಗೆಂದು ಬಂದ ಇಬ್ಬರಲ್ಲಿ ಒಬ್ಬ ಅವರ ಕಾಲಿಗೆರಗಿದ. ಆಮೇಲೆ ಚಾಕು ಹೊರಬಂತು. ಎಲ್ಲವೂ ಹೋಟೆಲಿನ ಸಿಸಿಟಿವಿಯಲ್ಲಿ ದಾಖಲಾಯಿತು. ಟಿವಿಯಲ್ಲಿ ಕೂತು ಜನರಿಗೆ ಮನೆಯ ವಾಸ್ತು ಹೇಳುತ್ತಿದ್ದ ಮನುಷ್ಯನ ಕೊನೆಯ ಗಳಿಗೆಗಳು ಸಂಜೆಯೊಳಗೆ ಅದೇ ಟಿವಿಯ ಮೂಲಕ ಮನೆಮನೆ ತಲುಪಿದವು.

ಹಾಡಹಗಲೇ ಊರೊಳಗೆ ಒಬ್ಬರನ್ನು ಕೊಂದರೆ ಅದು ಸುದ್ದಿ. ಜನಕ್ಕೆ ತಿಳಿಯಲೇಬೇಕು. ಎಲ್ಲಿ ಆಯಿತು, ಯಾರು ಮಾಡಿದರು, ಪೊಲೀಸರು ಹಿಡಿದರೋ ಇಲ್ಲವೋ, ಇಷ್ಟು ಹೇಳಲು ಹೆಚ್ಚು ಹೊತ್ತು ಬೇಡ. ಆದರೆ ನಮ್ಮ ಸುದ್ದಿ ವಾಹಿನಿಗಳ ರೂಢಿ ನಿಮಗೆ ಗೊತ್ತಿದೆ. ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ಹಾಕುವುದು, ಕೆಂಪು ವೃತ್ತ ಬರೆದು ಏಟು ಎಲ್ಲಿ ಬಿತ್ತೆಂದು ತೋರಿಸುವುದು, ನಿಧಾನಗತಿಯಲ್ಲಿ ಓಡಿಸುವುದು, ಹಿನ್ನೆಲೆಯಲ್ಲಿ ಎದೆ ಬಡಿಯುವಂಥ ಸಂಗೀತ ಕೂಡಿಸುವುದು. ಇಷ್ಟೆಲ್ಲ ಆದ ಮೇಲೆ ಅಲ್ಲಿ ಸುದ್ದಿ ಉಳಿದಿರುವುದಿಲ್ಲ, ಏಟು ಮಾತ್ರ ಉಳಿದಿರುತ್ತದೆ.

ನಾನು ಕೆಲಗೇರಿಯವಳು. ಒಂದು ಕಾಲಕ್ಕೆ ಧಾರವಾಡದ ಪಕ್ಕದ ಹಳ್ಳಿ, ಈಗ ನಗರದೊಳಗಿನ ಊರು. ನಮ್ಮ ಓಣಿಯಲ್ಲಿ ಇವತ್ತಿಗೂ ರಾತ್ರಿ ಊಟಕ್ಕೆ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಂದೇ ಪಡಸಾಲೆಯಲ್ಲಿ ಕೂಡುತ್ತಾರೆ. ರೊಟ್ಟಿ ಮುರಿಯುತ್ತ ಟಿವಿ ನೋಡುತ್ತಾರೆ. ಸಿನಿಮಾದಲ್ಲಿ ನಾಯಕ ನಾಯಕಿಯ ಮುಖ ಹತ್ತಿರ ಹತ್ತಿರ ಬಂದರೆ ಅಜ್ಜಿ “ಏ ತಮ್ಮಾ, ಚಾನಲ್ ಬದ್ಲ ಮಾಡೋ” ಅನ್ನುತ್ತಾಳೆ. ಮುಟ್ಟಿನ ಪ್ಯಾಡಿನ ಜಾಹೀರಾತು ಬಂದರೆ ಅಪ್ಪ ನೀರು ಕುಡಿಯುವ ನೆವ ಮಾಡಿ ಏಳುತ್ತಾನೆ. ಹುಬ್ಬಳ್ಳಿಯ ಆ ಕೊಲೆಯ ದೃಶ್ಯ ಬರುತ್ತಿದ್ದಾಗ ನೆರೆಮನೆಯ ಪಡಸಾಲೆಯಲ್ಲಿ ನಾನೂ ಇದ್ದೆ. ಯಾರೂ ಏಳಲಿಲ್ಲ. ಯಾರೂ ರಿಮೋಟಿಗೆ ಕೈ ಹಾಕಲಿಲ್ಲ. ಪ್ರಾಥಮಿಕ ಶಾಲೆಯ ಹುಡುಗ ಮಾತ್ರ “ಎಷ್ಟ್ ಸಲ ಹೊಡದಾನ ನೋಡಪಾ” ಅಂತ ಏಟು ಎಣಿಸುತ್ತಿದ್ದ. ತಾಯಿ ಅವನ ತಾಟಿಗೆ ಪಲ್ಯ ಬಡಿಸುತ್ತಿದ್ದಳು. ಆ ಮನೆಯವರು ಒಳ್ಳೆಯವರು, ಮಕ್ಕಳನ್ನು ಜೋಪಾನದಿಂದ ಬೆಳೆಸಿದವರು. ಆ ಹೊತ್ತಿಗೆ ಅವರಿಗೆ ಅದು ಮಕ್ಕಳು ನೋಡಬಾರದ್ದು ಅನ್ನಿಸಲೇ ಇಲ್ಲ, ಅಷ್ಟೆ.

ಪಡಸಾಲೆಯ ಈ ಅಭ್ಯಾಸ ದೆಹಲಿಯ ಕಚೇರಿಗಳಲ್ಲೂ ಇದೆ, ಕಾಯ್ದೆಯ ಪುಸ್ತಕದಲ್ಲೂ ಇದೆ. ನಾವು ನೋಡುವವರ ಮುಜುಗರಕ್ಕೆ ತಕ್ಕಡಿ ಹಿಡಿದಿದ್ದೇವೆ. ತೆರೆಯ ಮೇಲೆ ಕಾಣುವವರ ನೋವಿಗೆ ನಮ್ಮಲ್ಲಿ ತಕ್ಕಡಿಯೇ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಕೇಬಲ್ ಟೆಲಿವಿಷನ್ ನಿಯಂತ್ರಣ ಕಾಯ್ದೆ 1995ರದು. ಅದರ ನಿಯಮಾವಳಿ 1994ರದು. ನಿಯಮಾವಳಿಯ ಆರನೆಯ ನಿಯಮಕ್ಕೆ ಕಾರ್ಯಕ್ರಮ ಸಂಹಿತೆ ಅನ್ನುತ್ತಾರೆ. ಯಾವುದನ್ನು ತೋರಿಸಬಾರದೆಂಬ ಪಟ್ಟಿ ಅದರಲ್ಲಿದೆ. ಸದಭಿರುಚಿಗೆ, ಸಭ್ಯತೆಗೆ ಧಕ್ಕೆ ತರುವುದನ್ನು ತೋರಿಸಬಾರದು, ಅಶ್ಲೀಲವಾದದ್ದನ್ನು ತೋರಿಸಬಾರದು, ಹೆಣ್ಣನ್ನು ಹೀನಾಯವಾಗಿ ತೋರಿಸಬಾರದು. ಹಿಂಸೆಯ ಮಾತೂ ಇದೆ. ಆದರೆ ಅದು ಬರುವ ರೀತಿ ಬೇರೆ. ಹಿಂಸೆಗೆ ಪ್ರಚೋದನೆ ಕೊಡುವಂಥದ್ದನ್ನು, ಕಾನೂನು ಸುವ್ಯವಸ್ಥೆ ಕೆಡಿಸುವಂಥದ್ದನ್ನು ತೋರಿಸಬಾರದು ಎಂದಿದೆ. ವ್ಯತ್ಯಾಸ ಗಮನಿಸಿ. ಅಶ್ಲೀಲ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅಧಿಕಾರಿ ಆ ದೃಶ್ಯವನ್ನು ಒಮ್ಮೆ ನೋಡಿದರೆ ಸಾಕು. ಈ ಕಲಮಿನಡಿ ಹಿಂಸೆಯ ದೃಶ್ಯ ತಪ್ಪೆನ್ನಬೇಕಾದರೆ ಅದರಿಂದ ಬೀದಿಯಲ್ಲಿ ಗಲಭೆ ಎದ್ದೀತು ಎಂದು ತೋರಿಸಿಕೊಡಬೇಕು. ಒಂದು ಮಗುವಿನ ಮನಸ್ಸಿನೊಳಗೆ ಏನು ಎದ್ದಿತು ಎಂದು ಅಲ್ಲಿ ಕೇಳುವವರಿಲ್ಲ.

ಈ ಸಂಹಿತೆಯನ್ನು ಬಳಸಿದ ಬಗೆ ನೋಡೋಣ. 2007ರ ಜನವರಿಯಲ್ಲಿ ಎಎಕ್ಸ್‌ಎನ್ ಎಂಬ ಇಂಗ್ಲಿಷ್ ವಾಹಿನಿಯನ್ನು ಎರಡು ತಿಂಗಳು ಬಂದ್ ಮಾಡಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆದೇಶ ಹೊರಡಿಸಿತು. ಜಗತ್ತಿನ ಮಾದಕ ಜಾಹೀರಾತುಗಳನ್ನು ಕೂಡಿಸಿ ತೋರಿಸಿದ್ದು ಅದರ ತಪ್ಪು. ಅದೇ ವರ್ಷ ಫ್ಯಾಷನ್ ಟಿವಿಗೂ ಎರಡು ತಿಂಗಳ ಶಿಕ್ಷೆಯಾಯಿತು. 2010ರ ಮಾರ್ಚ್‌ನಲ್ಲಿ ಅದೇ ವಾಹಿನಿ ಮತ್ತೆ ಒಂಬತ್ತು ದಿನ ಕತ್ತಲಾಯಿತು. 2013ರಲ್ಲಿ ಕಾಮಿಡಿ ಸೆಂಟ್ರಲ್‌ಗೆ ಹತ್ತು ದಿನದ ಆದೇಶ ಬಂತು. ಆ ವಾಹಿನಿಗಳ ಪರ ವಾದಿಸುವ ಮನಸ್ಸು ನನಗಿಲ್ಲ. ಹೆಣ್ಣಿನ ಮೈಯನ್ನು ಸರಕಿನಂತೆ ಜೋಡಿಸಿಟ್ಟ ಕಾರ್ಯಕ್ರಮ ನಿಂತರೆ ನನಗೇನೂ ನಷ್ಟವಿಲ್ಲ. ಆದರೆ ಶಿಕ್ಷೆಯ ಅಳತೆಯನ್ನು ನೆನಪಿಟ್ಟುಕೊಳ್ಳಿ: ವಾಹಿನಿ ಪೂರ್ತಿ ಬಂದ್, ಅದೂ ದಿನಗಟ್ಟಲೆ, ತಿಂಗಳುಗಟ್ಟಲೆ.

ಇನ್ನು 2023ಕ್ಕೆ ಬನ್ನಿ. ಆ ವರ್ಷದ ಜನವರಿ 9ರಂದು ಅದೇ ಸಚಿವಾಲಯ ಎಲ್ಲ ಖಾಸಗಿ ವಾಹಿನಿಗಳಿಗೆ ಒಂದು ಸೂಚನಾಪತ್ರ ಕಳಿಸಿತು. ಅಪಘಾತ, ಸಾವು, ಹಲ್ಲೆಗಳನ್ನು ಮಸುಕು ಮಾಡದೆ, ಹತ್ತಿರದಿಂದ, ಪದೇ ಪದೇ ತೋರಿಸುತ್ತಿದ್ದೀರಿ, ಇದು ಸದಭಿರುಚಿಗೂ ಸಭ್ಯತೆಗೂ ಧಕ್ಕೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಿಂದಿನ ವರ್ಷದ ಉದಾಹರಣೆಗಳ ಪಟ್ಟಿಯೂ ಇತ್ತು. ಆ ಪಟ್ಟಿ ಓದುವುದಕ್ಕೇ ಕೈ ನಡುಗುತ್ತದೆ. ಕೇರಳದ ಕೊಲ್ಲಂನಲ್ಲಿ ಮಗನೊಬ್ಬ 84 ವರ್ಷದ ತಾಯಿಯನ್ನು ಹೊಡೆದು ಅಂಗಳದಲ್ಲಿ ಎಳೆದಾಡಿದ ದೃಶ್ಯ. ಪಟ್ನಾದಲ್ಲಿ ಐದು ವರ್ಷದ ಹುಡುಗನನ್ನು ಶಿಕ್ಷಕನೊಬ್ಬ ಬಡಿದ ದೃಶ್ಯ, ಅದೂ ಮಗುವಿನ ಚೀರಾಟದ ಸಮೇತ. ನಮ್ಮ ಕರ್ನಾಟಕದವೂ ಅದರಲ್ಲಿವೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತಂದೆಯೊಬ್ಬ ಮಗನಿಗೆ ಬೆಂಕಿ ಹಚ್ಚಿದ್ದು. ಕಡ್ಡಿ ಗೀರಿ ಎಸೆಯುವುದು, ಮಗ ಉರಿಯುತ್ತ ಓಡುವುದು ಮತ್ತೆ ಮತ್ತೆ ಪ್ರಸಾರವಾಯಿತು. ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ ವಕೀಲೆಯೊಬ್ಬರನ್ನು ನೆರೆಯವನು ನಡುಬೀದಿಯಲ್ಲಿ ಹೊಡೆದದ್ದು. ಅದನ್ನೂ ಕತ್ತರಿಸದೆ ಒಂದೇ ಸಮ ತೋರಿಸಿದರು.

ಇಷ್ಟು ದೊಡ್ಡ ಪಟ್ಟಿ ಮಾಡಿದ ಪತ್ರದ ಕೊನೆಯಲ್ಲಿ ಇದ್ದದ್ದು ಒಂದು ಸಲಹೆ. ಇನ್ನು ಮುಂದೆ ಸಂಹಿತೆಯ ಪ್ರಕಾರ ನಡೆದುಕೊಳ್ಳಿ ಎಂಬ ಸಲಹೆ. ತಪ್ಪು ಯಾವುದೆಂದು ಸರಕಾರಕ್ಕೆ ಗೊತ್ತಿತ್ತು, ಯಾವ ದಿನ ಆಯಿತೆಂದೂ ಗೊತ್ತಿತ್ತು. ಜಾಹೀರಾತುಗಳ ಗೊಂಚಲಿಗೆ ಎರಡು ತಿಂಗಳ ಕತ್ತಲೆ. ಉರಿಯುತ್ತಿರುವ ಮಗನಿಗೆ, ಏಟು ತಿನ್ನುತ್ತಿರುವ ತಾಯಿಗೆ ಒಂದು ಕಾಗದ.

ಬಾಗಲಕೋಟೆಯ ಆ ಹೆಣ್ಣುಮಗಳ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಣ್ಣನ್ನು ಹೀನಾಯವಾಗಿ ತೋರಿಸಬಾರದು ಎಂಬ ಕಲಮು ಇದೆಯೆಂದು ಹೇಳಿದೆನಲ್ಲ, ಅದು ಅವರ ನೆರವಿಗೆ ಬರಲಿಲ್ಲ. ಹೆಣ್ಣಿನ ಸೆರಗು ಜಾರಿದ್ದನ್ನು ತೋರಿಸಿದರೆ ಅವಳ ಮಾನ ಹೋಯಿತು ಅನ್ನುತ್ತೇವೆ. ಅವಳ ಹೊಟ್ಟೆಗೆ ಒದ್ದದ್ದನ್ನು ಇಡೀ ರಾಜ್ಯಕ್ಕೆ ದಿನವಿಡೀ ತೋರಿಸಿದರೆ ಅವಳ ಮಾನ ಹೋಗಲಿಲ್ಲವೇ? ಆಕೆ ನ್ಯಾಯಾಲಯದಲ್ಲಿ ನಿಂತು ಕಕ್ಷಿದಾರರ ಪರ ಮಾತನಾಡಬೇಕಾದವರು. ಮರುದಿನದಿಂದ ಅವರನ್ನು ಕಂಡವರೆಲ್ಲ ಆ ದೃಶ್ಯವನ್ನೇ ಕಣ್ಣಲ್ಲಿ ಹೊತ್ತು ಕಂಡಿರುತ್ತಾರೆ. ತೋರಿಸಲು ಅವರನ್ನು ಯಾರಾದರೂ ಒಂದು ಮಾತು ಕೇಳಬೇಕೆಂದು ಯಾವ ನಿಯಮವೂ ಹೇಳಲಿಲ್ಲ. ಆ ವಿಡಿಯೊ ಹೊರಬಂದದ್ದರಿಂದಲೇ ಜನ ದನಿ ಎತ್ತಿದರು ಎಂದು ಕೆಲವರು ಹೇಳುತ್ತಾರೆ. ಇರಬಹುದು. ಪೊಲೀಸರಿಗೆ, ನ್ಯಾಯಾಧೀಶರಿಗೆ ಅದು ಬೇಕೇ ಬೇಕು. ಸುದ್ದಿಯಲ್ಲಿ ಒಮ್ಮೆ, ಮುಖ ಮಸುಕು ಮಾಡಿ ತೋರಿಸಿದರೂ ನಾನು ತಕರಾರು ಮಾಡುವುದಿಲ್ಲ. ಎರಡನೆಯ ಸಲದಿಂದ ಮುಂದಿನದೆಲ್ಲ ಯಾರ ನ್ಯಾಯಕ್ಕಾಗಿ?

ಇನ್ನೊಂದು ಆದೇಶದ ಕಥೆಯೂ ಇದರ ಜೊತೆಗೇ ಬರಬೇಕು. 2017ರ ಡಿಸೆಂಬರ್‌ನಲ್ಲಿ ಸಚಿವಾಲಯ ಬೆಳಗಿನ 6 ಗಂಟೆಯಿಂದ ರಾತ್ರಿ 10ರವರೆಗೆ ಕಾಂಡೋಮ್ ಜಾಹೀರಾತು ಬೇಡ ಎಂದಿತು. ಮಕ್ಕಳು ನೋಡುತ್ತಾರೆ ಎಂಬುದು ಕಾರಣ. ರಾಜಸ್ಥಾನ ಹೈಕೋರ್ಟ್ ನೋಟಿಸು ಕೊಟ್ಟ ಮೇಲೆ, ಕಾಮಪ್ರಚೋದಕವಲ್ಲದ ಜಾಹೀರಾತಿಗೆ ಅಡ್ಡಿಯಿಲ್ಲ ಎಂದು ಸಮಜಾಯಿಷಿ ಬಂತು. ನಮ್ಮ ಭಾಗಕ್ಕೆ ಇದು ದೂರದ ಮಾತಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಒಂದು ಕಾಲಕ್ಕೆ ಎಚ್‌ಐವಿ ಸೋಂಕು ಬಹಳವಾಗಿ ಕಂಡ ಜಿಲ್ಲೆಗಳು. ಎಷ್ಟೋ ಹಳ್ಳಿಗಳಲ್ಲಿ ಗಂಡನಿಂದ ಹೆಂಡತಿಗೆ, ತಾಯಿಯಿಂದ ಕೂಸಿಗೆ ರೋಗ ಹೋಯಿತು. ಜೀವ ಉಳಿಸುವ ಒಂದು ಮಾತನ್ನು ಮಕ್ಕಳು ಮಲಗಿದ ಮೇಲೆ ಹೇಳಬೇಕು, ಜೀವ ತೆಗೆಯುವ ದೃಶ್ಯವನ್ನು ಸಂಜೆ ಏಳರ ವಾರ್ತೆಯಲ್ಲಿ ತೋರಿಸಬಹುದು ಎಂದರೆ ಯಾರನ್ನು ಕಾಪಾಡುತ್ತಿದ್ದೇವೆ? ಇದೇ ಧಾರವಾಡದಲ್ಲಿ ಕೆಲಕಾಲ ವೈದ್ಯವೃತ್ತಿ ನಡೆಸಿದ ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು, ಬಾಯಿ ಬಿಟ್ಟು ಕೇಳಲಾರದ ಹೆಣ್ಣುಮಕ್ಕಳ ಕೈಗೆ ಕನ್ನಡದಲ್ಲಿ ತಿಳಿವಳಿಕೆ ಕೊಟ್ಟರು. ನಮ್ಮ ತಲೆಮಾರಿನ ಎಷ್ಟೋ ಜನ ಅದನ್ನು ಪತ್ರಿಕೆಯ ನಡುವೆ ಬಚ್ಚಿಟ್ಟುಕೊಂಡು ಓದಿದ್ದೇವೆ. ಮೈಯ ಬಗ್ಗೆ ಮಾತಾಡುವುದಕ್ಕೂ ಮೈಯನ್ನು ಮಾರುವುದಕ್ಕೂ ನಡುವಿನ ಅಂತರ ಆ ವೈದ್ಯೆಗೆ ಚೆನ್ನಾಗಿ ಗೊತ್ತಿತ್ತು.

ಸಿನಿಮಾ ಸೆನ್ಸಾರ್ ಮಂಡಳಿಯ ಕತ್ತರಿಯೂ ಇದೇ ದಾರಿಯಲ್ಲಿ ಓಡಿದೆ. 2015ರಲ್ಲಿ ಜೇಮ್ಸ್ ಬಾಂಡ್‌ನ ‘ಸ್ಪೆಕ್ಟರ್’ ಬಂದಾಗ ಮುತ್ತಿನ ದೃಶ್ಯಗಳನ್ನು ಮೊಟಕು ಮಾಡಿದರು. 2025ರ ‘ಸೂಪರ್‌ಮ್ಯಾನ್’ನಲ್ಲಿ 33 ಸೆಕೆಂಡಿನ ಮುತ್ತು ಹೋಯಿತು. ಕಟ್ಟಡಗಳು ಕುಸಿಯುವುದು, ಗುಂಡು ಹಾರುವುದು ಹಾಗೇ ಉಳಿದವು. ಅದೇ 2025ರ ಮಾರ್ಚ್‌ನಲ್ಲಿ, ರಕ್ತಪಾತದ ಕಾರಣಕ್ಕೆ ಮಲಯಾಳದ ‘ಮಾರ್ಕೊ’ ಚಿತ್ರವನ್ನು ಟಿವಿಯಲ್ಲಿ ತೋರಿಸಲು ಮಂಡಳಿ ಅನುಮತಿ ನಿರಾಕರಿಸಿತು ಎಂಬುದನ್ನೂ ಹೇಳಬೇಕು. ಅದು ಅಪರೂಪ. ಹಿಂಸೆಗೂ ತಡೆ ಹಾಕಬಲ್ಲ ಅಧಿಕಾರ ಅವರಲ್ಲಿದೆ, ಬಳಸುವ ಮನಸ್ಸು ಬರುವುದು ಅಪರೂಪಕ್ಕೆ ಎಂದು ಅದು ತೋರಿಸುತ್ತದೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ 2004ರ ಸೂಪರ್ ಬೌಲ್ ಪಂದ್ಯದ ನಡುವೆ ಗಾಯಕಿ ಜಾನೆಟ್ ಜಾಕ್ಸನ್‌ರ ಎದೆ ಕ್ಷಣಮಾತ್ರ ಕಾಣಿಸಿತೆಂದು ಅಲ್ಲಿನ ಸಂಪರ್ಕ ಆಯೋಗ ಸಿಬಿಎಸ್ ವಾಹಿನಿಗೆ 5 ಲಕ್ಷ 50 ಸಾವಿರ ಡಾಲರ್ ದಂಡ ಹಾಕಿತು. ಆಮೇಲೆ ನ್ಯಾಯಾಲಯಗಳು ಆ ದಂಡವನ್ನು ರದ್ದು ಮಾಡಿದವು. ಆ ಆಯೋಗಕ್ಕೆ ಬೆಳಗಿನ 6ರಿಂದ ರಾತ್ರಿ 10ರವರೆಗೆ ಅಸಭ್ಯತೆಯನ್ನು ತಡೆಯುವ ಅಧಿಕಾರವಿದೆ, ಹಿಂಸೆಯನ್ನು ತಡೆಯುವ ಅಂಥ ಅಧಿಕಾರವೇ ಇಲ್ಲ. 2011ರಲ್ಲಿ ಮಕ್ಕಳಿಗೆ ಹಿಂಸೆಯ ವಿಡಿಯೊ ಗೇಮ್ ಮಾರಬಾರದೆಂಬ ಕ್ಯಾಲಿಫೋರ್ನಿಯದ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ನ್ಯಾಯಮೂರ್ತಿ ಬ್ರೇಯರ್ ಒಪ್ಪಲಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಮಾರುವುದು ಅಪರಾಧ, ಅದೇ ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಮಾರುವುದು ಹಕ್ಕು, ಇದರಲ್ಲಿ ಅರ್ಥವೇನಿದೆ ಎಂದು ಭಿನ್ನ ತೀರ್ಪಿನಲ್ಲಿ ಕೇಳಿದರು. ಉತ್ತರ ಯುರೋಪಿನ ಸ್ವೀಡನ್‌ನಂಥ ದೇಶಗಳಲ್ಲಿ ಬತ್ತಲೆ ಮೈಗಿಂತ ರಕ್ತಪಾತಕ್ಕೆ ಹೆಚ್ಚು ಅಂಜುವ ರೂಢಿ ಬೆಳೆದಿದೆ. ಅಂದಮೇಲೆ ಈ ಅಳತೆ ಪ್ರಕೃತಿ ಕೊಟ್ಟದ್ದಲ್ಲ, ಜನ ಮಾಡಿಕೊಂಡದ್ದು.

ನಮ್ಮ ಸಂಸ್ಕೃತಿಯೇ ಹೀಗೆ ಎಂದು ಕೆಲವರು ವಾದಿಸುತ್ತಾರೆ. ಆ ವಾದಕ್ಕೆ ನಮ್ಮ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. ರಂಗದ ಮೇಲೆ ಮುದ್ದಾಡುವುದನ್ನು, ಒಟ್ಟಿಗೆ ಮಲಗುವುದನ್ನು ತೋರಿಸಬೇಡ ಎನ್ನುತ್ತಾನೆ ಭರತ. ಕಾರಣವನ್ನೂ ಕೊಡುತ್ತಾನೆ: ತಂದೆ, ಮಗ, ಸೊಸೆ, ಅತ್ತೆ ಒಟ್ಟಿಗೆ ಕೂತು ನೋಡುವಂಥದ್ದು ನಾಟಕ. ನಮ್ಮ ಕೆಲಗೇರಿಯ ಪಡಸಾಲೆಯೇ ಅದು. ಆದರೆ ಭರತ ಅಲ್ಲಿಗೇ ನಿಲ್ಲಲಿಲ್ಲ. ಯುದ್ಧ, ಸಾವು, ರಾಜ್ಯನಾಶ, ನಗರಕ್ಕೆ ಮುತ್ತಿಗೆ, ಇವನ್ನೂ ಅಂಕದೊಳಗೆ ಕಣ್ಣೆದುರು ತೋರಿಸಬೇಡ, ಪಾತ್ರಗಳ ಬಾಯಿಂದ ತಿಳಿಸು ಎಂದ. ಸಂಸ್ಕೃತಿಯ ಹೆಸರು ಹೇಳುವವರು ಮೊದಲನೆಯ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದ್ದಾರೆ.

ಇನ್ನು ಜನ್ನ. 1209ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯನ್ನು ತರಗತಿಯಲ್ಲಿ ಪಾಠ ಮಾಡಿದವಳು ನಾನು. ಉಜ್ಜಯಿನಿಯ ರಾಣಿ ಅಮೃತಮತಿ ರಾತ್ರಿ ಮಾವುತ ಅಷ್ಟಾವಂಕನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಈ ಕಾವ್ಯವೆಂದರೆ ವಿದ್ಯಾರ್ಥಿಗಳಿಗೆ ನೆನಪಿರುವುದು ಅಷ್ಟೇ. ಓದಿದ ದೊಡ್ಡವರನ್ನು ಕೇಳಿದರೂ ಬಹಳ ಜನ ಅದನ್ನೇ ಹೇಳುತ್ತಾರೆ. ಆದರೆ ಕಾವ್ಯದ ಭಾರ ಬಿದ್ದಿರುವುದು ಬೇರೆ ಕಡೆ. ಹೆಂಡತಿಯನ್ನೂ ಮಾವುತನನ್ನೂ ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತುತ್ತಾನೆ, ಹೊಡೆಯದೆ ಇಳಿಸುತ್ತಾನೆ. ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಅನ್ನುತ್ತಾಳೆ. ಜೀವಹಿಂಸೆ ಬೇಡವೆನ್ನುವ ಮಗ, ಬಲಿ ಬೇಕೆನ್ನುವ ತಾಯಿ, ಇಬ್ಬರ ನಡುವೆ ರಾಜಿಯಾಗಿ ಹಿಟ್ಟಿನಿಂದ ಒಂದು ಹುಂಜ ಮಾಡುತ್ತಾರೆ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಪ್ರಾಣಿಯಾಗಿ, ಪಕ್ಷಿಯಾಗಿ ಜನ್ಮಜನ್ಮ ಅಲೆಯುತ್ತಾರೆ, ಕೊಲ್ಲಿಸಿಕೊಳ್ಳುತ್ತಾರೆ. ಜನ್ನ ಅಮೃತಮತಿಯನ್ನೂ ಬಿಡಲಿಲ್ಲ, ಅವಳಿಗೆ ನರಕವೇ ಗತಿಯಾಯಿತು. ಆದರೂ ಆ ಅಲೆದಾಟದ ಬೇರು ಇರುವುದು ಹಿಟ್ಟಿನ ಹುಂಜದಲ್ಲಿ. ಒಂದು ಹನಿ ರಕ್ತ ಹರಿಯಲಿಲ್ಲ, ಒಂದು ಜೀವ ಹೋಗಲಿಲ್ಲ. ಕೊಲ್ಲುವ ಸಂಕಲ್ಪ ಮಾಡಿ ಕೈ ಎತ್ತಿದ್ದಕ್ಕೇ ಲೆಕ್ಕ ಕೊಡಬೇಕಾಯಿತು. ಎಂಟುನೂರು ವರ್ಷದ ಹಿಂದೆ ಕನ್ನಡದ ಕವಿಯೊಬ್ಬ ಹಿಂಸೆಯ ಪ್ರತಿಮೆಯನ್ನೂ ಹಿಂಸೆಯೆಂದು ಎಣಿಸಿದ್ದ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ಇದೇ ಕಥೆಯನ್ನು ನಾಟಕ ಮಾಡಿದಾಗ ಅದಕ್ಕೆ ರಾಣಿಯ ಹೆಸರನ್ನಾಗಲಿ ಮಾವುತನ ಹೆಸರನ್ನಾಗಲಿ ಇಡಲಿಲ್ಲ. ‘ಹಿಟ್ಟಿನ ಹುಂಜ’ ಎಂದು ಕರೆದರು. ಕಥೆಯ ಗಾಯ ಎಲ್ಲಿದೆಯೆಂದು ಅವರಿಗೂ ಕಂಡಿತ್ತು.

ಧಾರಾವಾಹಿ, ಸಿನಿಮಾಗಳ ಹಿಂಸೆಯಾದರೂ ಹಿಟ್ಟಿನ ಹುಂಜ. ಏಟು ತಿಂದ ನಟ ಸಂಜೆ ಮನೆಗೆ ಹೋಗುತ್ತಾನೆ. ಸುದ್ದಿಯಲ್ಲಿ ಬರುವ ಸಿಸಿಟಿವಿಯ ಹಿಂಸೆಯಲ್ಲಿ ಇರುವುದು ನಿಜವಾದ ಜೀವ. ನಮ್ಮ ನಿಯಮಗಳು ಹಿಟ್ಟಿನ ಹುಂಜಕ್ಕೆ ಅಷ್ಟೋ ಇಷ್ಟೋ ಪ್ರಮಾಣಪತ್ರ ಕೇಳುತ್ತವೆ. 2006ರಿಂದೀಚೆಗೆ ಎಲ್ಲರೂ ನೋಡಲು ತಕ್ಕದ್ದಲ್ಲದ ಸಿನಿಮಾವನ್ನು ಟಿವಿಯಲ್ಲಿ ಹಾಕುವಂತಿಲ್ಲ. ನಿಜದ ಸಾವಿಗೆ ಯಾವ ಪ್ರಮಾಣಪತ್ರವೂ ಬೇಡ. ಸುದ್ದಿ ವಾಹಿನಿಗಳು ತಾವೇ ಕಟ್ಟಿಕೊಂಡ ಒಂದು ಸ್ವಯಂನಿಯಂತ್ರಣ ಸಂಸ್ಥೆಯಿದೆ. ಅದು ಹಾಕಬಹುದಾಗಿದ್ದ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಇದರಿಂದ ಯಾರಿಗೆ ಬಿಸಿ ಮುಟ್ಟೀತು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅಸಮಾಧಾನ ತೋರಿತು.

ಹಿಂಸೆಯನ್ನು ಹೇಳಲೇಬಾರದೇ ಎಂದು ನೀವು ಕೇಳಬಹುದು. ಹೇಳಬೇಕು. 1988ರಲ್ಲಿ ದೂರದರ್ಶನ ಗೋವಿಂದ ನಿಹಲಾನಿಯವರ ‘ತಮಸ್’ ತೋರಿಸಿದಾಗ ಅದನ್ನು ತಡೆಯಬೇಕೆಂದು ಕೆಲವರು ಸುಪ್ರೀಂ ಕೋರ್ಟಿನವರೆಗೆ ಹೋದರು. ದೇಶವಿಭಜನೆಯ ಕೊಲೆ ದೊಂಬಿಗಳ ಕಥೆ ಅದು. ಹಿಂಸೆ ಎಲ್ಲಿಂದ ಹುಟ್ಟುತ್ತದೆಂದು ತೋರಿಸುವ ಕೃತಿ ಹಿಂಸೆಯನ್ನು ಪ್ರಚೋದಿಸುವುದಿಲ್ಲ ಎಂಬ ನೆಲೆಯಲ್ಲಿ ನ್ಯಾಯಾಲಯ ಪ್ರಸಾರಕ್ಕೆ ಅಡ್ಡಿ ಮಾಡಲಿಲ್ಲ. ನಮ್ಮ ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಿ. ಅದರಲ್ಲಿ ಪರಹೆಣ್ಣಿನ ಮೋಹವೂ ಇದೆ, ಕೊಲೆಯೂ ಇದೆ. ಊರ ಹೆಂಗಸರು ಮಕ್ಕಳು ಬಯಲಲ್ಲಿ ಕೂತು ಬೆಳಗಿನವರೆಗೆ ನೋಡಿದ್ದಾರೆ. ಗಂಗಾಳ ಮೇಲೆ ಸಂಗ್ಯಾನಿಗೆ ಮನಸ್ಸು ಹೋದದ್ದು, ನಡುವೆ ಗೆಳೆಯ ಬಾಳ್ಯಾ ಆಡಿದ ಆಟ, ಅವಳ ಗಂಡ ಈರ್ಯಾನ ಸಿಟ್ಟು, ಎಲ್ಲವನ್ನೂ ಹಾಡಿ ಹೇಳಿದ ಮೇಲೆ ಸಾವು ಬರುತ್ತದೆ. ನೋಡುವವರ ಕಣ್ಣು ತುಂಬುತ್ತದೆ. ನೆರೆಮನೆಯ ಹುಡುಗ ಆ ಆಟ ನೋಡಿದ್ದರೆ ಏಟು ಎಣಿಸುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಸಾಯುವವನು ಯಾರೆಂದು ಅವನಿಗೆ ಗೊತ್ತಿರುತ್ತಿತ್ತು.

ಹಿಂಸೆಯ ದೃಶ್ಯಗಳಿಂದ ಆಗುವ ಹಾನಿಯೆಂದರೆ ಮಕ್ಕಳು ಅದನ್ನು ನೋಡಿ ಹೊಡೆಯಲು ಕಲಿಯುತ್ತಾರೆ ಎಂಬುದೊಂದೇ ನಮ್ಮ ಮನಸ್ಸಿಗೆ ಬರುತ್ತದೆ. ಅಮೆರಿಕದ ವಿದ್ವಾಂಸ ಜಾರ್ಜ್ ಗರ್ಬ್ನರ್ ದಶಕಗಳ ಕಾಲ ಟಿವಿಯನ್ನು ಅಧ್ಯಯನ ಮಾಡಿ ಬೇರೊಂದು ಹಾನಿ ತೋರಿಸಿದರು. ಟಿವಿ ಬಹಳ ನೋಡುವವರು ಜಗತ್ತು ಇರುವುದಕ್ಕಿಂತ ಹೆಚ್ಚು ಕ್ರೂರವೆಂದು ನಂಬುತ್ತಾರೆ, ಭಯದಲ್ಲಿ ಬದುಕುತ್ತಾರೆ, ಭಯದಿಂದಾಗಿ ಎಂಥ ಕಟ್ಟುಪಾಡನ್ನೂ ಒಪ್ಪಿಕೊಳ್ಳಲು ತಯಾರಾಗುತ್ತಾರೆ ಎಂದರು. ಅವರ ಮಾತು ಹುಬ್ಬಳ್ಳಿ ಧಾರವಾಡದಲ್ಲಿ ನನಗೆ ಕಣ್ಣಾರೆ ಕಂಡಿತು. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆ ತಾಯಿ ತಂದೆಯ ದುಃಖದ ಮುಂದೆ ಯಾವ ಮಾತೂ ಸಣ್ಣದು. ಮುಂದಿನ ತಿಂಗಳೇ ಅದೇ ಊರಲ್ಲಿ ಇನ್ನೊಬ್ಬ ಯುವತಿಯ ಕೊಲೆಯಾಯಿತು. ಕಾಲೇಜಿನ ಸಿಸಿಟಿವಿ ದೃಶ್ಯ ಟಿವಿಯಲ್ಲಿ, ಮೊಬೈಲಿನಲ್ಲಿ ಹರಿದಾಡಿತು. ಅದರ ಬೆಲೆ ತೆತ್ತವರು ಯಾರು? ನಮ್ಮ ಓಣಿಯ ಹುಡುಗಿಯರು. “ಒಬ್ಬಾಕಿನ ಹೋಗಬ್ಯಾಡ ಅಂದ್ರ ಹೋಗಬ್ಯಾಡ, ಟಿವ್ಯಾಗ ನೋಡಿಲ್ಲೇನ?” ಎಂಬ ಮಾತು ಮನೆಮನೆಯಲ್ಲಿ ಕೇಳಿಸಿತು. ಸಂಜೆ ಕೆರೆಯ ಕಡೆ ಅಡ್ಡಾಡಲು ಹೋಗುತ್ತಿದ್ದ ಹುಡುಗಿಯರು ಕಾಣಿಸಲಿಲ್ಲ. ಲೈಬ್ರರಿಯಿಂದ ಬೇಗ ಬಾ, ಟ್ಯೂಷನ್ ಬಿಡು, ಯಾರ ಜೊತೆ ಮಾತಾಡಿದೆ ತೋರಿಸು. ತಪ್ಪು ಮಾಡಿದವನು ಜೈಲಿಗೆ ಹೋದ, ಅವನ ಕೃತ್ಯದ ದೃಶ್ಯ ಸಾವಿರಾರು ಹುಡುಗಿಯರನ್ನು ಮನೆಯೊಳಗೆ ಕೂಡಿಸಿತು. ಹೆಣ್ಣಿನ ಮಾನ ಕಾಯುವ ಕಲಮು ಇರುವ ಸಂಹಿತೆ ಹೆಣ್ಣಿನ ಬದುಕು ಹೀಗೆ ಕಿರಿದಾಗುವುದನ್ನು ಹಾನಿಯೆಂದು ಗುರುತಿಸಿಲ್ಲ. ಇದಕ್ಕಿಂತ ಹೆಚ್ಚಿನ ಸಂಕಟ ನನಗೆ ಬೇರೆ ಯಾವುದೂ ಇಲ್ಲ.

ಅಶ್ಲೀಲಕ್ಕೆ ಬಾಗಿಲು ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಮೈಯನ್ನು ತೋರಿಸುವುದು, ಮಕ್ಕಳನ್ನು ಬಳಸಿಕೊಳ್ಳುವುದು, ಅತ್ಯಾಚಾರವನ್ನು ರಂಜನೆಯಾಗಿಸುವುದು, ಇವಕ್ಕೆ ಈಗಿರುವುದಕ್ಕಿಂತ ಬಿಗಿ ಬರಲಿ. ನನ್ನ ಬೇಡಿಕೆ, ಎರಡಕ್ಕೂ ಒಂದೇ ಪ್ರಶ್ನೆ ಕೇಳಿ ಎಂಬುದು. ತೆರೆಯ ಮೇಲೆ ಕಾಣುವ ಮನುಷ್ಯ ಇದಕ್ಕೆ ಒಪ್ಪಿದ್ದನೇ? ಇದರಿಂದ ಯಾರಿಗೆ ನೋವಾಯಿತು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡರೆ ಮದುವೆಯಾದ ಇಬ್ಬರ ಮುತ್ತು ದಾಟಿಹೋಗುತ್ತದೆ, ಕಾಂಡೋಮಿನ ಜಾಹೀರಾತು ದಾಟಿಹೋಗುತ್ತದೆ. ಬಾಗಲಕೋಟೆಯ ಬೀದಿಯ ಒದೆ ದಾಟುವುದಿಲ್ಲ.

ಕೇಳುಗರು ಏನು ಮಾಡಬಹುದೆಂದು ಹೇಳಿ ಮುಗಿಸುತ್ತೇನೆ. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ತಿದ್ದುಪಡಿ ಬಂದು, ಟಿವಿ ನೋಡುವ ಯಾರೇ ಆಗಲಿ ದೂರು ಕೊಡುವ ವ್ಯವಸ್ಥೆಯಾಗಿದೆ. ಮೊದಲು ವಾಹಿನಿಗೇ ಬರೆಯಬೇಕು, ಅದು 15 ದಿನದಲ್ಲಿ ಉತ್ತರ ಕೊಡಬೇಕು. ಸಮಾಧಾನವಾಗದಿದ್ದರೆ ಆ ವಾಹಿನಿ ಸೇರಿರುವ ಸ್ವಯಂನಿಯಂತ್ರಣ ಸಂಸ್ಥೆಗೆ, ಅಲ್ಲಿಂದ ಮುಂದೆ ಕೇಂದ್ರದ ಸಮಿತಿಗೆ ಹೋಗಬಹುದು. ದಿನಾಂಕ, ಹೊತ್ತು, ವಾಹಿನಿಯ ಹೆಸರು, ಯಾವ ದೃಶ್ಯ ಎಂಬುದನ್ನು ಬರೆದಿಟ್ಟುಕೊಂಡರೆ ಸಾಕು, ಕಾಯ್ದೆಯ ಭಾಷೆ ಬೇಕಿಲ್ಲ. ಇದಲ್ಲದೆ ಖಾಸಗಿ ವಾಹಿನಿಗಳ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರಬೇಕೆಂದು 2005ರಿಂದ ಕೇಂದ್ರದ ಆದೇಶವಿದೆ. ಅದರಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಇರುತ್ತಾರೆ, ಮಕ್ಕಳ ಮತ್ತು ಮಹಿಳೆಯರ ಪರ ಕೆಲಸ ಮಾಡುವವರು ಇರುತ್ತಾರೆ, ಜಿಲ್ಲೆಯ ಒಂದು ಮಹಿಳಾ ಕಾಲೇಜಿನ ಪ್ರಾಂಶುಪಾಲರಿಗೂ ಸ್ಥಾನವಿದೆ. ಈ ಕೊನೆಯ ಸ್ಥಾನದ ಮೇಲೆ ನನಗೆ ಬಹಳ ಭರವಸೆ. ಯಾವ ದೃಶ್ಯ ಬಂದ ಮರುದಿನ ತರಗತಿಯಲ್ಲಿ ಎಷ್ಟು ಹುಡುಗಿಯರು ಗೈರಾದರು ಎಂದು ಹಾಜರಿ ಪುಸ್ತಕ ತೆರೆದು ಹೇಳಬಲ್ಲವರು ಅವರು. ಧಾರವಾಡ ಜಿಲ್ಲೆಯ ಸಮಿತಿಗೆ ನಮ್ಮ ಓಣಿಯ ಹೆಂಗಸರು ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಕೊಲೆ, ಹಲ್ಲೆಯ ನಿಜವಾದ ದೃಶ್ಯಗಳನ್ನು ರಾತ್ರಿ ಹತ್ತಕ್ಕಿಂತ ಮೊದಲು ತೋರಿಸಬಾರದು, ಯಾವ ಹೊತ್ತಿನಲ್ಲೂ ತಿರುತಿರುಗಿ ತೋರಿಸಬಾರದು, ಬದುಕುಳಿದವರ ಅಥವಾ ಮನೆಯವರ ಒಪ್ಪಿಗೆ ಬೇಕು ಎಂದು ಕೇಂದ್ರಕ್ಕೆ ಶಿಫಾರಸು ಮಾಡಿರೆಂದು ಅದರಲ್ಲಿ ಕೇಳಿದ್ದೇವೆ. ನಿಮ್ಮ ನಿಮ್ಮ ಜಿಲ್ಲೆಯಿಂದಲೂ ಇಂಥ ಅರ್ಜಿ ಹೋಗಲಿ.